ಕ್ಯಾಪ್ಟನ್ ‘ಡ್ರಾ ಒಪ್ಪಿಕೊಳ್ಳಿ’ ಎಂದರೆ ಆಟಗಾರ್ತಿ ಒಪ್ಪಲೇಬೇಕೆ?

ಮೂರನೇಬೋರ್ಡ್

ಮಹಿಳೆಯರ ತಂಡ ಚೆಸ್ ಟೂರ್ನಿಯೊಂದರಲ್ಲಿ ನಡೆದದ್ದು. ಯಾವ ಟೂರ್ನಿ, ಯಾವ ಕ್ಲಬ್ ಎಂದು ಕೇಳಬೇಡಿ, ಹೇಳುವುದಿಲ್ಲ. ನನಗೆ ಬೇಕಿರುವುದು ನ್ಯಾಯ ತೀರ್ಮಾನ ಮಾತ್ರ.

ನಾಲ್ಕು ಬೋರ್ಡುಗಳ ಪಂದ್ಯ. ನಾನು ಮೂರನೆಯದರಲ್ಲಿ, ಬಿಳಿ ಕಾಯಿ. ಒಂದು ಮತ್ತು ಎರಡನೇ ಬೋರ್ಡ್ ಡ್ರಾ ಆಗಿದ್ದವು, ನಾಲ್ಕನೆಯದರಲ್ಲಿ ನಮ್ಮ ಹುಡುಗಿ ಗೆದ್ದಿದ್ದಳು. ಅಂದರೆ 2–1 ಮುನ್ನಡೆ, ಉಳಿದದ್ದು ನನ್ನ ಆಟ ಒಂದೇ. ನನ್ನ ಬಳಿ ಆನೆ ಮತ್ತು ಒಂಟೆ, ಎದುರಾಳಿಯ ಬಳಿ ಬರೀ ಆನೆ. ಎರಡೂ ಕಡೆ ಕಾಲಾಳುಗಳು ಖಾಲಿ. ಗಡಿಯಾರದಲ್ಲಿ ಇಬ್ಬರಿಗೂ ಕೆಲವೇ ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಸೇರುತ್ತಿತ್ತು. ಆಕೆ ಒಂದೊಂದು ನಡೆಗೂ ಆ 30 ಸೆಕೆಂಡನ್ನು ಪೂರ್ತಿ ತಿಂದು ಮುಗಿಸುತ್ತಿದ್ದರು. ಹಾಗಿರುವಾಗ ಡ್ರಾ ಕೇಳಿದರು.

ನಾನು ಆರ್ಬಿಟರ್‌ (ತೀರ್ಪುಗಾರ) ಅವರನ್ನು ಕರೆದು, ಕ್ಯಾಪ್ಟನ್ ಅಭಿಪ್ರಾಯ ಕೇಳಬಹುದೇ ಎಂದೆ. ಕೇಳಬಹುದು ಎಂದರು. ಕ್ಯಾಪ್ಟನ್ ಬಂದರು, ಬೋರ್ಡ್ ಕಡೆ ಕಣ್ಣು ಹಾಯಿಸಲೂ ಇಲ್ಲ, ‘ಒಪ್ಪಿಕೊಳ್ಳಿ’ ಎಂದು ಹೇಳಿ ಹೋದರು. ಒಪ್ಪಿಕೊಂಡೆ. 2.5–1.5, ಪಂದ್ಯ ನಮ್ಮದು. ಅದೇ ದಿನ ಸಂಜೆ ಕೊನೆಯ ಸುತ್ತು, ಅದನ್ನೂ ಗೆದ್ದೆವು.

ಕೊನೆಗೆ ನೋಡಿದರೆ ಇನ್ನೊಂದು ತಂಡಕ್ಕೂ ನಮಗೂ ಪಂದ್ಯದ ಅಂಕ (ತಂಡ ಪಂದ್ಯ ಗೆದ್ದದ್ದಕ್ಕೆ ಸಿಗುವುದು) ಸಮ. ಬೋರ್ಡ್ ಅಂಕದಲ್ಲಿ (ಒಂದೊಂದು ಆಟದ ಅಂಕಗಳ ಮೊತ್ತ) ಅರ್ಧ ಕಡಿಮೆ ಬಿದ್ದು ನಾವು ಎರಡನೆಯವರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈಗ ಹೇಳಿ: ನಾನು ಕ್ಯಾಪ್ಟನ್ ಮಾತು ಕೇಳಲೇಬೇಕಿತ್ತೇ? ಅವರು ಹೇಳಿದ್ದು ಸರಿಯೇ?

ಕಪ್ಪುಕುದುರೆ

ಸರಿ. ಅರ್ಧ ಅಂಕ ಬಂದರೆ ಪಂದ್ಯ ಗೆದ್ದಂತೆ ಎಂದಾಗ ಅದನ್ನು ತೆಗೆದುಕೊಳ್ಳದ ಕ್ಯಾಪ್ಟನ್ ಇದ್ದರೆ ಅವರನ್ನು ಬದಲಾಯಿಸಿ. ಸಂಜೆ ಇನ್ನೊಂದು ಸುತ್ತು ಇತ್ತು ಎಂದು ನೀವೇ ಬರೆದಿದ್ದೀರಿ.

ಒಂಟೆಪ್ರಿಯ

ಸರಿಯೇ? ಆನೆ-ಒಂಟೆ ಇಟ್ಟುಕೊಂಡು ಬರೀ ಆನೆಯ ಎದುರು ಡ್ರಾ ಒಪ್ಪುವುದೇ? ಸೋಲುವ ಭಯ ಇಲ್ಲದ ಸ್ಥಿತಿ ಅದು. ಕಣ್ಣು ಮುಚ್ಚಿ ಆನೆಯನ್ನೇ ಕೊಟ್ಟುಬಿಟ್ಟರೂ ಒಂಟೆ ಉಳಿದಿರುತ್ತದೆ, ಆನೆಯ ಎದುರು ಒಂಟೆ ಹೆಚ್ಚಿನ ಸಲ ಡ್ರಾ ಹಿಡಿಯುತ್ತದೆ. ಎದುರಾಳಿಗೆ ಮಾತ್ರ ಪ್ರತಿ ನಡೆಯೂ ಪರೀಕ್ಷೆ. ಇದಕ್ಕಿಂತ ಪುಕ್ಕಟೆ ಅವಕಾಶ ಚೆಸ್‌ನಲ್ಲಿ ಇನ್ನೊಂದಿಲ್ಲ. ಬೋರ್ಡ್ ನೋಡದೆ ತೀರ್ಪು ಕೊಟ್ಟ ಆ ಕ್ಯಾಪ್ಟನ್ ಮೇಲೆ ನನಗೆ ಈಗಲೇ ಸಿಟ್ಟು ಬರುತ್ತಿದೆ.

ಕಪ್ಪುಕುದುರೆ

ಸಿಟ್ಟು ಬರಲಿ, ಲೆಕ್ಕ ಬದಲಾಗುವುದಿಲ್ಲ. ಗಡಿಯಾರ ಮರೆತು ಸಮಯ ಮೀರಿದರೆ? ಎದುರಾಳಿಯ ಬಳಿ ಆನೆ ಇರುವುದರಿಂದ ಅದು ನೇರ ಸೋಲು. ಆಗ ಪಂದ್ಯ 2–2. ಐದು ಗಂಟೆ ಕುಳಿತು ದಣಿದವರಿಂದ ಏನೇನೋ ನಡೆಯುತ್ತದೆ.

ಹಳೆಯಆರ್ಬಿಟರ್

ತೀರ್ಪಿಗೆ ಮೊದಲು ನಿಯಮ ನೋಡೋಣ. ಇಲ್ಲಿ ಅರ್ಧ ಜನ ಕ್ಯಾಪ್ಟನ್ ಎಂದರೆ ಕ್ರಿಕೆಟ್ ಕ್ಯಾಪ್ಟನ್ ಎಂದುಕೊಂಡಂತಿದೆ.

ಫಿಡೆ (ವಿಶ್ವ ಚೆಸ್ ಒಕ್ಕೂಟ) ನಿಯಮದಂತೆ, ಟೂರ್ನಿಯ ಸ್ವಂತ ನಿಯಮ ಬೇರೆ ಹೇಳದಿದ್ದರೆ, ತಂಡದ ಕ್ಯಾಪ್ಟನ್ ತನ್ನ ಆಟಗಾರ್ತಿಗೆ ‘ಡ್ರಾ ಕೇಳಿ’, ‘ಡ್ರಾ ಒಪ್ಪಿಕೊಳ್ಳಿ’, ‘ಆಟ ಬಿಟ್ಟುಕೊಡಿ’ ಎಂದು ಸಲಹೆ ಕೊಡಬಹುದು. ಡ್ರಾ ಒಪ್ಪಲೇ ಎಂದು ಆಟಗಾರ್ತಿ ಕೇಳಿದರೆ ‘ಹೌದು’, ‘ಇಲ್ಲ’ ಅಥವಾ ‘ನಿಮಗೆ ಬಿಟ್ಟದ್ದು’ ಎನ್ನಬಹುದು. ಅಷ್ಟೇ. ಬೋರ್ಡ್ ಮೇಲಿನ ಸ್ಥಿತಿಯ ಬಗ್ಗೆ ಅಭಿಪ್ರಾಯ ಎನಿಸುವ ಒಂದು ಮಾತೂ ಬಾಯಿಂದ ಬರಬಾರದು. ‘ನೀವು ಗೆಲ್ಲುತ್ತಿದ್ದೀರಿ, ಆಡಿ’ ಎಂದರೆ ತಪ್ಪು. ‘ಒಂಟೆ ಇದೆಯಲ್ಲ’ ಎಂದು ಗೊಣಗಿದರೂ ತಪ್ಪು. ಮಾತು ಆರ್ಬಿಟರ್‌ಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು.

ಗಮನಿಸಿ, ಅದು ಸಲಹೆ. ಡ್ರಾ ಆಗುವುದು ಇಬ್ಬರು ಆಟಗಾರ್ತಿಯರು ಒಪ್ಪಿದಾಗ, ಕ್ಯಾಪ್ಟನ್ ಒಪ್ಪಿದಾಗ ಅಲ್ಲ. ನೀವು ‘ಇಲ್ಲ’ ಎಂದು ಆಟ ಮುಂದುವರಿಸಿದ್ದರೆ ಯಾವ ಆರ್ಬಿಟರ್ ಕೂಡ ನಿಮ್ಮನ್ನು ತಡೆಯುತ್ತಿರಲಿಲ್ಲ. ತಂಡದೊಳಗೆ ಆಮೇಲೆ ಏನು ನಡೆಯುತ್ತದೆ ಎಂಬುದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಸುಮ್ಮನೆಓದುವವಳು

ಒಂದು ಸಣ್ಣ ಪ್ರಶ್ನೆ ಸರ್. ಎದುರಾಳಿ ಡ್ರಾ ಕೇಳಿದ ಮೇಲೆ ಕ್ಯಾಪ್ಟನ್ ಬರುವವರೆಗೆ ಆ ಕೋರಿಕೆ ಹಾಗೆಯೇ ನಿಂತಿರುತ್ತದೆಯೇ? ಅಷ್ಟರಲ್ಲಿ ಆಕೆ ಮನಸ್ಸು ಬದಲಾಯಿಸಿದರೆ?

ಹಳೆಯಆರ್ಬಿಟರ್

ಬದಲಾಯಿಸುವಂತಿಲ್ಲ. ನಡೆ ಆಡಿ, ಗಡಿಯಾರ ಒತ್ತುವ ಮೊದಲು ಡ್ರಾ ಕೇಳಬೇಕು. ಕೇಳಿದ ಮೇಲೆ ಹಿಂತೆಗೆದುಕೊಳ್ಳಲು ಬರುವುದಿಲ್ಲ. ನೀವು ಒಪ್ಪುವವರೆಗೆ, ಬಾಯಲ್ಲಿ ನಿರಾಕರಿಸುವವರೆಗೆ ಅಥವಾ ಆಡುವ ಉದ್ದೇಶದಿಂದ ಕಾಯಿ ಮುಟ್ಟುವವರೆಗೆ ಅದು ಜೀವಂತ. ಆದರೆ ಆ ಹೊತ್ತಿನಲ್ಲಿ ಓಡುವುದು ನಿಮ್ಮ ಗಡಿಯಾರ. ಕ್ಯಾಪ್ಟನ್ ಹೊರಗೆ ಫೋನಿನಲ್ಲಿ ಮಾತನಾಡುತ್ತ ನಿಂತಿದ್ದರೆ ನಿಮ್ಮ ಕರ್ಮ.

ಇನ್ನೊಂದು: ಡ್ರಾ ಕೇಳಿದ್ದನ್ನು ಇಬ್ಬರೂ ನಡೆಗಳನ್ನು ಬರೆದಿಡುವ ಸ್ಕೋರ್‌ಶೀಟ್‌ನಲ್ಲಿ ಸಮ ಚಿಹ್ನೆಯಿಂದ ಗುರುತಿಸಬೇಕು. ಯಾರೂ ಮಾಡುವುದಿಲ್ಲ, ಆಮೇಲೆ ಜಗಳಕ್ಕೆ ನಮ್ಮ ಬಳಿ ಬರುತ್ತಾರೆ.

ಗಡಿಯಾರ

ಲೆಕ್ಕ ಮಾಡಿ ನೋಡಿದೆ. ಕಾಲಾಳು ಇಲ್ಲ, ಯಾರೂ ಕಾಯಿ ಹೊಡೆಯುತ್ತಿಲ್ಲ ಎಂದರೆ 50 ನಡೆಗಳ ನಿಯಮ ಶುರುವಾಗಿರುತ್ತದೆ: ಹಾಗೆಯೇ 50 ನಡೆ ಕಳೆದರೆ ಡ್ರಾ ಕೇಳಿ ಪಡೆಯಬಹುದು. ಇಬ್ಬರೂ ಬರೀ 30 ಸೆಕೆಂಡ್ ಮೇಲೆಯೇ ಬದುಕುತ್ತಿದ್ದಾರೆ ಎಂದುಕೊಳ್ಳಿ. 50 ನಡೆ, ಇಬ್ಬರಿಗೆ 100, ತಲಾ 30 ಸೆಕೆಂಡ್. 3,000 ಸೆಕೆಂಡ್, 50 ನಿಮಿಷ. ಮೊದಲೇ ಕೆಲವು ನಡೆ ಆಡಿಯಾಗಿತ್ತು, ಹಾಗಾಗಿ ಅದಕ್ಕೂ ಕಡಿಮೆ. ಉಳಿದಿದ್ದ ಕೆಲವು ನಿಮಿಷ ಸೇರಿಸಿದರೂ ಒಂದು ಗಂಟೆಯೊಳಗಿನ ಮಾತು.

ಅಂದರೆ ಕ್ಯಾಪ್ಟನ್ ಉಳಿಸಿದ್ದು ಹೆಚ್ಚೆಂದರೆ ಒಂದು ಗಂಟೆ. ಕಳೆದದ್ದು ಕಪ್.

ಕಪ್ಪುಕುದುರೆ

‘ಕಳೆದದ್ದು ಕಪ್’ ಎಂದರೆ ಆ ಆಟ ಖಂಡಿತ ಗೆಲ್ಲುತ್ತಿದ್ದರು ಎಂದಾಯಿತು. ಗೆಲ್ಲುತ್ತಿದ್ದರೇ? ಆನೆ-ಒಂಟೆ ವಿರುದ್ಧ ಆನೆ ಡ್ರಾ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ.

ಅಂತ್ಯದಾಟ

ಈ ವಿಷಯ ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ, ಕ್ಷಮಿಸಿ, ಉದ್ದವಾಗುತ್ತದೆ.

ಸಾಮಾನ್ಯ ಸ್ಥಿತಿಯಲ್ಲಿ ಇದು ಡ್ರಾ. ಆದರೆ ಗೆಲ್ಲುವ ಸ್ಥಿತಿಗಳೂ ಇವೆ, ಅವುಗಳಲ್ಲಿ ಅತಿ ಪ್ರಸಿದ್ಧವಾದದ್ದನ್ನು ಫ್ರಾನ್ಸ್‌ನ ಚೆಸ್ ಪಟು ಫಿಲಿಡೋರ್ 18ನೇ ಶತಮಾನದಲ್ಲೇ ಬಿಡಿಸಿಟ್ಟಿದ್ದಾರೆ. ಬಿಳಿ ರಾಜ ಡಿ6, ಒಂಟೆ ಡಿ5, ಆನೆ ಎಫ್1. ಕಪ್ಪು ರಾಜ ಡಿ8, ಆನೆ ಇ7. ಬಿಳಿಯ ನಡೆ. ಇಲ್ಲಿಗೆ ಬಂದರೆ ಗೆಲುವು ಕಟ್ಟಿಟ್ಟದ್ದು, ದಾರಿ ಗೊತ್ತಿರಬೇಕು ಅಷ್ಟೇ. ರಕ್ಷಿಸುವವರ ಇಡೀ ಕೆಲಸ ಎಂದರೆ ಇಲ್ಲಿಗೆ ಬಾರದಂತೆ ನೋಡಿಕೊಳ್ಳುವುದು.

ಅದಕ್ಕೆ ಎರಡು ಹೆಸರಾಂತ ದಾರಿಗಳಿವೆ. ಒಂದು ಕೊಕ್ರೇನ್ ರಕ್ಷಣೆ: ಒಂಟೆ ತನ್ನ ರಾಜನ ಮುಂದೆ ನಿಂತಾಗ ಅದನ್ನು ಹಿಂದಿನಿಂದ ಆನೆಯಿಂದ ಕಟ್ಟಿಹಾಕುವುದು, ರಾಜ ಮುಂದೆ ಬಾರದಂತೆ ತಡೆಯುವುದು. ಇನ್ನೊಂದು ಎರಡನೇ ಸಾಲಿನ ರಕ್ಷಣೆ: ಅಂಚಿನಿಂದ ಎರಡನೆಯ ಸಾಲಿನಲ್ಲಿ ಆನೆಯನ್ನು ಕಾವಲಿಗೆ ನಿಲ್ಲಿಸುವುದು. ಎರಡೂ ಕೇಳಲು ಸುಲಭ. ಐದನೇ ಗಂಟೆಯಲ್ಲಿ, 30 ಸೆಕೆಂಡಿನಲ್ಲಿ, 50 ಸಲ ತಪ್ಪಿಲ್ಲದೆ ಆಡುವುದು ಬೇರೆ ಮಾತು.

ಎಂತಹವರು ಇದರಲ್ಲಿ ಜಾರಿದ್ದಾರೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 1996ರ ದೋಸ್ ಎರ್ಮಾನಾಸ್ ಟೂರ್ನಿಯಲ್ಲಿ ಕ್ಯಾಸ್ಪರೋವ್ ಕೈಯಲ್ಲಿ ಆನೆ-ಒಂಟೆ, ಹಂಗರಿಯ ಜೂಡಿತ್ ಪೋಲ್ಗಾರ್ ಕೈಯಲ್ಲಿ ಆನೆ. ಹಿಡಿಯಬಹುದಾಗಿದ್ದ ಆಟ ಅದು, ಜೂಡಿತ್ ಸೋತರು. ಜೂಡಿತ್‌ಗೇ ಆಗದ್ದು, ನಮ್ಮ ಗೆಳತಿಯ ಎದುರಾಳಿಗೆ ಆಗುತ್ತಿತ್ತು ಎಂದು ಅಷ್ಟು ಧೈರ್ಯವಾಗಿ ಹೇಳಬೇಡಿ.

ಮೂರನೇಬೋರ್ಡ್, ಎದುರಾಳಿ ಆನೆಯನ್ನು ಎಲ್ಲಿ ಇಟ್ಟುಕೊಂಡಿದ್ದರು?

ಮೂರನೇಬೋರ್ಡ್

ಅಂಚಿನಿಂದ ಎರಡನೇ ಸಾಲಿನಲ್ಲೇ. ನಾನು ಏನು ಮಾಡಿದರೂ ಅಲ್ಲಿಂದ ಅಲುಗಾಡಲಿಲ್ಲ. ಆದರೆ ಪ್ರತಿ ಸಲವೂ ಕೈ ಮುಂದೆ ತಂದು ಹಿಂದೆ ತೆಗೆದುಕೊಳ್ಳುತ್ತಿದ್ದರು. ಗೊತ್ತಿದ್ದು ಆಡುತ್ತಿದ್ದರೋ ಅದೃಷ್ಟದಿಂದಲೋ ನನಗೆ ತಿಳಿಯಲಿಲ್ಲ.

ಅಂತ್ಯದಾಟ

ಗೊತ್ತಿಲ್ಲದವರ ಆನೆ ಅಲ್ಲಿಗೆ ಹೋಗಿ ಅಷ್ಟು ಹೊತ್ತು ಕೂರುವುದಿಲ್ಲ. ಸ್ಥಿತಿ ಡ್ರಾ ಇತ್ತು, ಅದರಲ್ಲಿ ಅನುಮಾನ ಬೇಡ. ಆದರೂ ನಾನಾಗಿದ್ದರೆ ಆಡುತ್ತಿದ್ದೆ.

ಒಂಟೆಪ್ರಿಯ

ನೋಡಿ, ನೋಡಿ.

ಕಪ್ಪುಕುದುರೆ

ಏನು ನೋಡುವುದು? ‘ಸ್ಥಿತಿ ಡ್ರಾ ಇತ್ತು’ ಎಂದು ಅವರೇ ಬರೆದಿದ್ದಾರೆ. ನಿಮಗೆ ಬೇಕಾದ ಅರ್ಧ ಸಾಲನ್ನು ಮಾತ್ರ ಓದುತ್ತೀರಿ.

ಸಾಲುಗಣಿತ

ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಅರ್ಧ ಅಂಕ ಕಡಿಮೆ ಬಿತ್ತು ಎಂದರೆ, ಡ್ರಾ ಬದಲು ಗೆದ್ದಿದ್ದರೆ ಅರ್ಧ ಅಂಕ ಹೆಚ್ಚಾಗಿ ಬೋರ್ಡ್ ಅಂಕವೂ ಸಮ ಆಗುತ್ತಿತ್ತು. ಸಮ, ಮುಂದೆ ಅಲ್ಲ. ಆಗ ಮುಂದಿನ ಟೈಬ್ರೇಕ್ (ಸಮ ಬಂದಾಗ ಸ್ಥಾನ ಬಿಡಿಸುವ ಅಳತೆ) ಏನಿತ್ತು? ಅದು ಗೊತ್ತಿಲ್ಲದೆ ಕಪ್ ಹೋಯಿತು ಎಂದು ಅಳುವುದು ಹೇಗೆ?

ಮೂರನೇಬೋರ್ಡ್

ಪರಸ್ಪರ ಪಂದ್ಯದ ಫಲಿತಾಂಶ. ಆ ತಂಡವನ್ನು ನಾವು ಎರಡನೇ ಸುತ್ತಿನಲ್ಲೇ ಸೋಲಿಸಿದ್ದೆವು. ಈಗ ಅಳಬಹುದೇ?

ಸಾಲುಗಣಿತ

ಧಾರಾಳವಾಗಿ.

ಒಲಿಂಪಿಯಾಡ್‌ಹುಚ್ಚಿ

ಅರ್ಧ ಅಂಕದ ಮಾತು ಬಂದಾಗ 1988ರ ಥೆಸಲೊನಿಕಿ ಒಲಿಂಪಿಯಾಡ್ (ದೇಶಗಳ ತಂಡ ಚೆಸ್ ಟೂರ್ನಿ) ನೆನಪಾಗದೆ ಇರಲು ಸಾಧ್ಯವೇ? ಆಗ ಮಹಿಳಾ ವಿಭಾಗದಲ್ಲಿ ಮೂರು ಬೋರ್ಡ್, ಮತ್ತು ಸ್ಥಾನ ನಿರ್ಧಾರವಾಗುತ್ತಿದ್ದದ್ದು ಬೋರ್ಡ್ ಅಂಕಗಳ ಮೇಲೆ. ಹಂಗರಿಯ ತಂಡದಲ್ಲಿ ಮೂವರು ಪೋಲ್ಗಾರ್ ಸಹೋದರಿಯರು ಮತ್ತು ಇಲ್ದಿಕೋ ಮಾದ್ಲ್. ಹಂಗರಿ 33, ಸೋವಿಯತ್ ಒಕ್ಕೂಟ 32.5. ಅರ್ಧ ಅಂಕಕ್ಕೆ ಚಿನ್ನ! ಹನ್ನೆರಡು ವರ್ಷದ ಜೂಡಿತ್ 13 ಆಟಗಳಲ್ಲಿ 12.5 ಅಂಕ ಗಳಿಸಿದ್ದಳು. ಆ ತಂಡದ ಯಾವುದೋ ಒಂದು ಗೆಲ್ಲುವ ಆಟದಲ್ಲಿ ಕ್ಯಾಪ್ಟನ್ ಬಂದು ‘ಒಪ್ಪಿಕೊಳ್ಳಿ’ ಎಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

ಕಪ್ಪುಕುದುರೆ

ಅದೇ ನಾನೂ ಹೇಳುವುದು. ಆಗ ಪ್ರತಿ ಅರ್ಧ ಅಂಕವೂ ನೇರವಾಗಿ ಸ್ಥಾನಕ್ಕೆ ಸೇರುತ್ತಿತ್ತು. 2008ರ ಡ್ರೆಸ್ಡನ್‌ನಿಂದ ಈಚೆಗೆ ಪಂದ್ಯದ ಅಂಕ ಮುಖ್ಯ: ಗೆದ್ದರೆ 2, ಡ್ರಾ ಆದರೆ 1. ನಾಲ್ಕು ಬೋರ್ಡಿನಲ್ಲಿ 2.5 ಬಂದರೂ 2, ನಾಲ್ಕಕ್ಕೆ ನಾಲ್ಕು ಬಂದರೂ 2. ಹಾಗಿರುವಾಗ 2.5 ಕೈಗೆ ಬಂದ ಕೂಡಲೇ ಬಾಗಿಲು ಹಾಕುವುದೇ ಜಾಣತನ.

ಒಲಿಂಪಿಯಾಡ್‌ಹುಚ್ಚಿ

ಪಂದ್ಯದ ಅಂಕ ಮುಖ್ಯ, ಸರಿ. ಸಮ ಬಂದಾಗ? 2022ರಲ್ಲಿ ಚೆನ್ನೈ ಒಲಿಂಪಿಯಾಡ್‌ನಲ್ಲಿ ಮಹಿಳಾ ವಿಭಾಗದಲ್ಲಿ ಉಕ್ರೇನ್ 18, ಜಾರ್ಜಿಯಾ 18. ಟೈಬ್ರೇಕ್ ಮೇಲೆ ಚಿನ್ನ ಉಕ್ರೇನ್‌ಗೆ ಹೋಯಿತು. 2012ರ ಇಸ್ತಾಂಬುಲ್‌ನಲ್ಲೂ ರಷ್ಯಾ ಮತ್ತು ಚೀನಾ 19–19, ಚಿನ್ನ ರಷ್ಯಾಕ್ಕೆ. ಒಲಿಂಪಿಯಾಡ್ ಟೈಬ್ರೇಕ್‌ನಲ್ಲಿ ನೀವು ಯಾವ ತಂಡದ ಎದುರು ಎಷ್ಟು ಬೋರ್ಡ್ ಅಂಕ ಗಳಿಸಿದಿರಿ ಎಂಬುದನ್ನು ಆ ತಂಡದ ಪಂದ್ಯದ ಅಂಕದಿಂದ ಗುಣಿಸುತ್ತಾರೆ. ಬಲವಾದ ತಂಡದ ಎದುರು ಬಿಟ್ಟ ಅರ್ಧ ಅಂಕ ಅಲ್ಲಿ ದೊಡ್ಡದಾಗಿ ಕಾಣಿಸುತ್ತದೆ. ‘ಬಾಗಿಲು ಹಾಕುವುದು’ ಎಂದರೆ ಅಷ್ಟು ಸರಳ ಅಲ್ಲ.

ಹೊಸಬ64

ಚೆನ್ನೈಯಲ್ಲಿ ಚಿನ್ನ ಗೆದ್ದದ್ದು ನಾವಲ್ಲವೇ?

ಒಲಿಂಪಿಯಾಡ್‌ಹುಚ್ಚಿ

ಅಲ್ಲ. ಚೆನ್ನೈಯಲ್ಲಿ ಭಾರತದ ಮಹಿಳೆಯರದ್ದು ಕಂಚು, 17 ಅಂಕ. ಕೊನೆಯ ಸುತ್ತಿಗೆ ಹೋಗುವಾಗ ಮುಂದಿದ್ದವರು ನಾವೇ, ಅಮೆರಿಕದ ಎದುರು 1–3ರಿಂದ ಸೋತೆವು. ಕೊನೇರು ಹಂಪಿ ಮತ್ತು ವೈಶಾಲಿ ಡ್ರಾ, ತಾನಿಯಾ ಮತ್ತು ಭಕ್ತಿ ಸೋಲು. ಹಾಗಿದ್ದರೂ ಮಹಿಳಾ ಒಲಿಂಪಿಯಾಡ್‌ನಲ್ಲಿ ಅದು ನಮ್ಮ ಮೊದಲ ಪದಕ. ಚಿನ್ನ ಬಂದದ್ದು 2024ರಲ್ಲಿ, ಬುಡಾಪೆಸ್ಟ್‌ನಲ್ಲಿ: ಹರಿಕಾ, ವೈಶಾಲಿ, ದಿವ್ಯಾ ದೇಶಮುಖ್, ವಂತಿಕಾ ಅಗರ್ವಾಲ್, ತಾನಿಯಾ ಸಚ್‌ದೇವ್. ಎರಡೂ ಸಲ ಕ್ಯಾಪ್ಟನ್ ಅಭಿಜಿತ್ ಕುಂಟೆ.

ಸುಮ್ಮನೆಓದುವವಳು

ಚೆನ್ನೈಯಲ್ಲಿ ಹರಿಕಾ ತುಂಬು ಗರ್ಭಿಣಿ. ಆ ಸ್ಥಿತಿಯಲ್ಲಿ ಗಂಟೆಗಟ್ಟಲೆ ಕುಳಿತು ಆಡಿದರು. ಇಲ್ಲಿ ‘ದಣಿವು, ದಣಿವು’ ಎನ್ನುವವರಿಗೆ ನೆನಪಿಸಿದೆ ಅಷ್ಟೇ.

ಕಪ್ಪುಕುದುರೆ

ಅದು ಹೊಗಳಬೇಕಾದ ವಿಷಯ, ಎಲ್ಲರಿಗೂ ಹೇರಬೇಕಾದ ಅಳತೆಗೋಲಲ್ಲ. ದಣಿದ ಆಟಗಾರ್ತಿಯನ್ನು ಸಂಜೆಯ ಸುತ್ತಿಗೆ ಉಳಿಸಿಕೊಳ್ಳುವುದು ಕ್ಯಾಪ್ಟನ್ ಕೆಲಸ. ಮೂರನೇಬೋರ್ಡ್ ಅವರೇ, ಸಂಜೆ ನಿಮ್ಮ ಆಟ ಏನಾಯಿತು?

ಮೂರನೇಬೋರ್ಡ್

ಡ್ರಾ.

ಕಪ್ಪುಕುದುರೆ

ಕಳೆದುಹೋದ ಅರ್ಧ ಅಂಕ ಅಲ್ಲಿಯೂ ಇತ್ತು ಎಂದಾಯಿತು. ಅದಕ್ಕೆ ಯಾವ ಕ್ಯಾಪ್ಟನ್ ಕಾರಣ?

ಒಂಟೆಪ್ರಿಯ

ಇದು ವಾದವಲ್ಲ, ಚುಚ್ಚುಮಾತು. ಬೆಳಿಗ್ಗೆಯ ಆಟ ತಲೆಯಲ್ಲಿ ಕುಳಿತು ಕೊರೆಯುತ್ತಿದ್ದರೆ ಸಂಜೆ ಹೇಗೆ ಗೆಲ್ಲುವುದು? ಪೂರ್ತಿ ಆಡಿ ಡ್ರಾ ಆಗಿದ್ದರೆ ಮನಸ್ಸಿಗೆ ಅಷ್ಟಾದರೂ ಸಮಾಧಾನ.

ಮೂರನೇಬೋರ್ಡ್

ಜಗಳ ಬೇಡ. ಸಂಜೆಯ ಎದುರಾಳಿ ನನಗಿಂತ ಬಲಶಾಲಿ, ಕಪ್ಪು ಕಾಯಿಯಲ್ಲಿ ಆ ಡ್ರಾ ನನಗೆ ಸಂತೋಷವೇ.

ಸಾಲುಗಣಿತ

ಕಪ್ಪು ಕಾಯಿ ಮೂರನೇ ಬೋರ್ಡಿನಲ್ಲಿ, ಅಂದರೆ ಆ ಸುತ್ತಿನಲ್ಲಿ ನಿಮ್ಮ ತಂಡಕ್ಕೆ ಎರಡು ಮತ್ತು ನಾಲ್ಕರಲ್ಲಿ ಬಿಳಿ. ನಾಲ್ಕನೇ ಬೋರ್ಡಿನ ಹುಡುಗಿ ಮತ್ತೆ ಗೆದ್ದಳೇ?

ಮೂರನೇಬೋರ್ಡ್

ಗೆದ್ದಳು! ಇಡೀ ಟೂರ್ನಿಯಲ್ಲಿ ಸೋಲಲಿಲ್ಲ. ನಾಲ್ಕನೇ ಬೋರ್ಡಿನ ಬಹುಮಾನ ಅವಳದ್ದೇ.

ಕ್ಯಾಪ್ಟನ್‌ಕುರ್ಚಿ

ತಡವಾಗಿ ಬಂದೆ. ನಾನು ತಂಡಗಳ ಜೊತೆ ಕ್ಯಾಪ್ಟನ್ ಆಗಿ ಹೋಗುವವನು, ಹಾಗಾಗಿ ಈ ಕುರ್ಚಿಯ ಮಾತನ್ನೂ ಕೇಳಿ.

ಕ್ಯಾಪ್ಟನ್ ಬೋರ್ಡ್ ನೋಡಲಿಲ್ಲ ಎಂದು ಬಹಳ ಜನ ಬೈದಿದ್ದೀರಿ. ಬಹುಶಃ ನೋಡಿಯೇ ಇದ್ದರು, ದೂರದಿಂದ, ಹತ್ತು ಸಲ. ಡ್ರಾ ಕೇಳಿದ ಹೊತ್ತಿನಲ್ಲಿ ಬಂದು ಬೋರ್ಡ್ ದಿಟ್ಟಿಸಿ, ಹುಬ್ಬು ಗಂಟಿಕ್ಕಿ, ಆಮೇಲೆ ‘ಇಲ್ಲ’ ಎಂದರೆ ಎದುರು ತಂಡದವರು ‘ಸ್ಥಿತಿ ನೋಡಿ ಸುಳಿವು ಕೊಟ್ಟರು’ ಎಂದು ಕೈ ಎತ್ತುತ್ತಾರೆ. ಅದಕ್ಕೇ ನಾವು ಮುಖವನ್ನು ಗೋಡೆಯಂತೆ ಇಟ್ಟುಕೊಂಡು ಬರುತ್ತೇವೆ. ನಿಮಗೆ ಅದು ಉದಾಸೀನವಾಗಿ ಕಂಡಿರಬಹುದು.

ಆದರೆ ಆ ಕ್ಯಾಪ್ಟನ್ ಪರವಾಗಿ ನಾನು ಹೇಳುವುದು ಇಷ್ಟೇ. ಮುಂದಿನದ್ದು ವಿರುದ್ಧ. ಎರಡು ಸುತ್ತು ಉಳಿದಿರುವಾಗ ಟೈಬ್ರೇಕ್ ಪಟ್ಟಿ ಕ್ಯಾಪ್ಟನ್ ಜೇಬಿನಲ್ಲಿರಬೇಕು. ಮೇಲಿನ ತಂಡದವರು ಆ ಸುತ್ತಿನಲ್ಲಿ ಪಕ್ಕದ ಮೇಜಿನಲ್ಲೇ ಆಡುತ್ತಿರುತ್ತಾರೆ, ಅವರ ಅಂಕ ಕಣ್ಣೆದುರೇ ಇರುತ್ತದೆ. ಬೋರ್ಡ್ ಅಂಕ ಮೊದಲ ಟೈಬ್ರೇಕ್ ಎಂದು ಗೊತ್ತಿದ್ದು, ಸೋಲುವ ಅಪಾಯ ಇಲ್ಲದ ಸ್ಥಿತಿಯಲ್ಲಿ, ಡ್ರಾ ಆದರೂ ಪಂದ್ಯ ನಮ್ಮದೇ ಆಗಿರುವಾಗ, ನಾನು ಹೇಳುತ್ತಿದ್ದದ್ದು ‘ನಿಮಗೆ ಬಿಟ್ಟದ್ದು’. ಆ ಮೂರನೆಯ ಉತ್ತರ ಇರುವುದೇ ಇಂತಹ ಹೊತ್ತಿಗೆ. ತನಗೆ ಶಕ್ತಿ ಉಳಿದಿದೆಯೇ ಎಂಬುದು ಕುಳಿತವಳಿಗೆ ಮಾತ್ರ ಗೊತ್ತು.

ಬುಡಾಪೆಸ್ಟ್ ನೋಡಿ. ಎಂಟನೇ ಸುತ್ತಿನಲ್ಲಿ ಪೋಲೆಂಡ್ ಎದುರು ಸೋತ ಮೇಲೆ, ಒಂಬತ್ತರಲ್ಲಿ ಅಮೆರಿಕದ ಎದುರು ವಂತಿಕಾ ಐರಿನಾ ಕ್ರಶ್ ಅವರನ್ನು ಸೋಲಿಸಿದ್ದರಿಂದ 2–2 ಉಳಿಯಿತು. ಹತ್ತರಲ್ಲಿ ಚೀನಾ: ಮೂರು ಬೋರ್ಡ್ ಡ್ರಾ, ದಿವ್ಯಾ ನಿ ಶಿಕುನ್ ಅವರನ್ನು ಸೋಲಿಸಿದರು, 2.5–1.5. ಹನ್ನೊಂದರಲ್ಲಿ ಅಜರ್‌ಬೈಜಾನ್ ಎದುರು 3.5–0.5. ಒಂದು ಸುತ್ತಿನಲ್ಲಿ ಒಬ್ಬಳು ಗೆದ್ದರೆ ಸಾಕು, ಉಳಿದವರು ಬಿಗಿ ಹಿಡಿದರೆ ಸಾಕು. ಇನ್ನೊಂದರಲ್ಲಿ ಎಲ್ಲರೂ ಗೆಲ್ಲಲು ಹೋಗಬೇಕು. ಯಾವ ಸುತ್ತು ಯಾವುದು ಎಂದು ತಿಳಿಯುವುದಕ್ಕೇ ಕ್ಯಾಪ್ಟನ್ ಇರುವುದು.

ಕಪ್ಪುಕುದುರೆ

ಟೈಬ್ರೇಕ್ ಪಟ್ಟಿ ಜೇಬಿನಲ್ಲಿರಬೇಕು ಎಂಬುದನ್ನು ಒಪ್ಪುತ್ತೇನೆ. ಅದೊಂದನ್ನು ಮಾತ್ರ.

ಹೊಸಬ64

ಒಂದು ಬೇರೆ ಪ್ರಶ್ನೆ. ಚೆಸ್‌ನಲ್ಲಿ ಮಹಿಳೆಯರಿಗೆ ಬೇರೆ ಟೂರ್ನಿಯೇ ಏಕೆ? ಇಲ್ಲಿ ತೋಳ್ಬಲ ಬೇಕಿಲ್ಲವಲ್ಲ.

ಒಂಟೆಪ್ರಿಯ

ಬಂತು. ಪ್ರತಿ ಚರ್ಚೆಯಲ್ಲೂ ಯಾರಾದರೊಬ್ಬರು ಇದನ್ನು ಎಳೆದು ತರುತ್ತಾರೆ.

ಒಲಿಂಪಿಯಾಡ್‌ಹುಚ್ಚಿ

ಕೇಳಲಿ ಬಿಡಿ, ಹೊಸಬರು. ಒಲಿಂಪಿಯಾಡ್‌ನಲ್ಲಿ ಇರುವುದು ‘ಮುಕ್ತ’ ಮತ್ತು ‘ಮಹಿಳಾ’ ವಿಭಾಗ. ಮುಕ್ತದಲ್ಲಿ ಯಾರು ಬೇಕಾದರೂ ಆಡಬಹುದು. ಜೂಡಿತ್ ಪೋಲ್ಗಾರ್ ಆಮೇಲೆ ಅಲ್ಲಿಯೇ ಆಡಿದರು, 2002ರಲ್ಲಿ ಬ್ಲೆಡ್‌ನಲ್ಲಿ ಬೆಳ್ಳಿ ಗೆದ್ದ ಹಂಗರಿ ತಂಡದಲ್ಲಿ ಇದ್ದರು. ಮಹಿಳಾ ಒಲಿಂಪಿಯಾಡ್ ಪ್ರತ್ಯೇಕವಾಗಿ ಶುರುವಾದದ್ದು 1957ರಲ್ಲಿ, ನೆದರ್ಲೆಂಡ್ಸ್‌ನ ಎಮನ್‌ನಲ್ಲಿ. ಪ್ರತ್ಯೇಕ ವಿಭಾಗ ಇದ್ದದ್ದರಿಂದಲೇ ಎಷ್ಟೋ ದೇಶಗಳ ಒಕ್ಕೂಟಗಳು ಹುಡುಗಿಯರಿಗೆ ತರಬೇತಿ, ಪ್ರವಾಸದ ವೆಚ್ಚ, ಕ್ಯಾಪ್ಟನ್ ಎಲ್ಲವನ್ನೂ ಒದಗಿಸಬೇಕಾಯಿತು. ಜಾರ್ಜಿಯಾದಂತಹ ಪುಟ್ಟ ದೇಶ 1992, 1994, 1996 ಮೂರು ಸಲ ಸತತವಾಗಿ ಚಿನ್ನ ಗೆದ್ದಿತು. ನೋನಾ ಗಾಪ್ರಿಂದಾಶ್ವಿಲಿ ಅವರನ್ನು ನೋಡುತ್ತ ಬೆಳೆದ ಹುಡುಗಿಯರು ಅಲ್ಲಿ ಎಷ್ಟೋ. 1978ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಪಡೆದ ಮೊದಲ ಮಹಿಳೆ ಅವರು. ಎರಡೂ ವಿಭಾಗಗಳ ಒಟ್ಟು ಸಾಧನೆಗೆ ಒಲಿಂಪಿಯಾಡ್‌ನಲ್ಲಿ ಕೊಡುವ ಕಪ್ ಅವರ ಹೆಸರಿನಲ್ಲೇ ಇದೆ.

ಸುಮ್ಮನೆಓದುವವಳು

ನನ್ನ ಅಭಿಪ್ರಾಯ ಬೇರೆ. ಮಹಿಳಾ ತಂಡ ಇರಲಿ, ಆದರೆ ನಮ್ಮ ಟೂರ್ನಿಗಳಲ್ಲಿ ಮಹಿಳಾ ವಿಭಾಗಕ್ಕೆ ಕೊನೆಯ ಕೋಣೆ, ಹಳೆಯ ಗಡಿಯಾರ, ದಿನಕ್ಕೆ ಎರಡು ಸುತ್ತು. ಮುಕ್ತ ವಿಭಾಗಕ್ಕೆ ದಿನಕ್ಕೊಂದು. ಆ ಎರಡು ಸುತ್ತಿನ ವೇಳಾಪಟ್ಟಿ ಇಲ್ಲದಿದ್ದರೆ ಇಲ್ಲಿಯ ಕ್ಯಾಪ್ಟನ್ ‘ಒಪ್ಪಿಕೊಳ್ಳಿ’ ಎನ್ನುತ್ತಲೇ ಇರಲಿಲ್ಲ. ಆ ಬಗ್ಗೆ ಯಾರೂ ಮಾತನಾಡುತ್ತಿಲ್ಲ.

ಮೂರನೇಬೋರ್ಡ್

ಇದನ್ನು ನಾನು ಬರೆಯಬೇಕೆಂದಿದ್ದೆ. ನಮ್ಮಲ್ಲೂ ಹಾಗೆಯೇ ಇತ್ತು. ಎರಡು ಸುತ್ತಿನ ನಡುವೆ ಇದ್ದದ್ದು ಒಂದೂವರೆ ಗಂಟೆ, ಅದರಲ್ಲಿ ನನ್ನ ಆಟವೇ ಅರ್ಧ ನುಂಗಿತ್ತು.

ಗಡಿಯಾರ

ತಾಳಿ. ಒಂದೂವರೆ ಗಂಟೆಯಲ್ಲಿ ಅರ್ಧ ಹೋಗಿದ್ದರೆ ಉಳಿದದ್ದು 45 ನಿಮಿಷ. ಇನ್ನೂ 50 ನಡೆ ಆಡಿದ್ದರೆ ಸಂಜೆಯ ಸುತ್ತು ನಿಮಗೆ ಎದ್ದ ಕುರ್ಚಿಯಿಂದ ನೇರವಾಗಿ ಶುರು. ನನ್ನ ಹಿಂದಿನ ಲೆಕ್ಕಕ್ಕೆ ಈ ಸಾಲು ಸೇರಿಸಿಕೊಳ್ಳಿ. ಕ್ಯಾಪ್ಟನ್ ಅಷ್ಟೊಂದು ದಡ್ಡರಲ್ಲ ಎನಿಸುತ್ತಿದೆ.

ಒಂಟೆಪ್ರಿಯ

ಗಡಿಯಾರವೂ ಪಕ್ಷಾಂತರ ಮಾಡಿತು.

ಹಳೆಯಆರ್ಬಿಟರ್

ವೇಳಾಪಟ್ಟಿಯ ಬಗ್ಗೆ ದೂರು ಇದ್ದರೆ ತಂಡದ ಕ್ಯಾಪ್ಟನ್‌ಗಳ ಸಭೆಯಲ್ಲಿ, ಮೊದಲ ಸುತ್ತಿಗೆ ಮುಂಚೆ ಹೇಳಬೇಕು. ಹಿಂದಿನ ಸುತ್ತಿನ ಕೊನೆಯ ಆಟ ಮುಗಿದು ಇಂತಿಷ್ಟು ನಿಮಿಷ ಬಿಟ್ಟು ಮುಂದಿನದು ಎಂದು ಟೂರ್ನಿಯ ನಿಯಮದಲ್ಲಿ ಬರೆಸಿಕೊಳ್ಳಬಹುದು. ಆ ಸಭೆಗೆ ಅರ್ಧ ಕ್ಯಾಪ್ಟನ್‌ಗಳು ಬರುವುದಿಲ್ಲ, ಬಂದವರಲ್ಲಿ ಅರ್ಧ ಜನ ಮೊಬೈಲ್ ನೋಡುತ್ತಿರುತ್ತಾರೆ.

ಕ್ಯಾಪ್ಟನ್‌ಕುರ್ಚಿ

ಆ ಮೊಬೈಲ್ ಮಾತು ನನಗೆ ತಾಗಿತು ಸರ್. ಆದರೂ ನಿಜ.

ಅಂತ್ಯದಾಟ

ಆಟಕ್ಕೆ ಮರಳೋಣವೇ? ಮೂರನೇಬೋರ್ಡ್ ಅವರೇ, ಎರಡನೇ ಸಾಲಿನ ರಕ್ಷಣೆಯ ಎದುರು ಗೆಲುವು ಸಿಗದಿದ್ದರೂ ಕಾಡುವ ಕ್ರಮ ಇದೆ. ರಾಜನನ್ನು ಸುಮ್ಮನೆ ಅತ್ತಿತ್ತ ನಡೆಸುವ ಬದಲು ಆನೆಯ ಪಕ್ಕದ ಚೆಕ್‌ಗಳಿಂದ ಅವರ ರಾಜನನ್ನು ಮೂಲೆಯಿಂದ ನಡುಸಾಲಿನ ಕಡೆಗೆ ಎಬ್ಬಿಸುವುದನ್ನು ನೋಡಿ. ರಾಜ ಎರಡನೇ ಸಾಲು ಬಿಟ್ಟು ಒಮ್ಮೆ ಅಂಚಿಗೆ ಇಳಿದರೆ ಫಿಲಿಡೋರ್ ಸ್ಥಿತಿಯ ವಾಸನೆ ಬರಲು ಶುರುವಾಗುತ್ತದೆ. 30 ಸೆಕೆಂಡಿನ ಆಟಗಾರ್ತಿ ತಪ್ಪುವುದು ಆ ತಿರುವಿನಲ್ಲೇ. ಮತ್ತೆ, 50 ನಡೆಯ ಲೆಕ್ಕವನ್ನು ಸ್ಕೋರ್‌ಶೀಟ್‌ನಲ್ಲಿ ನೀವೇ ಇಟ್ಟುಕೊಳ್ಳಿ. ಎದುರಾಳಿ ಹಕ್ಕು ಕೇಳದಿದ್ದರೆ ಆಟ ಮುಂದುವರಿಯುತ್ತಲೇ ಇರುತ್ತದೆ.

ಹಳೆಯಆರ್ಬಿಟರ್

75 ನಡೆ ಆಗುವವರೆಗೆ. ಆಗ ಯಾರೂ ಕೇಳದಿದ್ದರೂ ಆರ್ಬಿಟರ್ ನಿಲ್ಲಿಸುತ್ತಾರೆ.

ಸಾಲುಗಣಿತ

ಈ ಅಂತ್ಯಕ್ಕೆ ಒಂದು ಕಾಲದಲ್ಲಿ ಫಿಡೆ 50ಕ್ಕಿಂತ ಹೆಚ್ಚು ನಡೆ ಕೊಟ್ಟಿತ್ತಲ್ಲ?

ಅಂತ್ಯದಾಟ

ಕೊಟ್ಟಿತ್ತು. 50 ನಡೆಯಲ್ಲಿ ಮುಗಿಯದ ಗೆಲುವುಗಳೂ ಇವೆ ಎಂದು ಕಂಪ್ಯೂಟರ್‌ಗಳು ತೋರಿಸಿದ ಮೇಲೆ ಕೆಲವು ಅಂತ್ಯಗಳಿಗೆ ವಿನಾಯಿತಿ ಬಂದಿತ್ತು. ಆಮೇಲೆ ಎಲ್ಲವನ್ನೂ 50ಕ್ಕೇ ಇಳಿಸಿದರು. ಒಳ್ಳೆಯದಾಯಿತು, ಇಲ್ಲದಿದ್ದರೆ ಗಡಿಯಾರ ಅವರು ಇನ್ನೊಂದು ಗುಣಾಕಾರ ಮಾಡಬೇಕಿತ್ತು.

ಮೂರನೇಬೋರ್ಡ್

ಎಲ್ಲರಿಗೂ ವಂದನೆ. ಮೂಲೆಯಿಂದ ಎಬ್ಬಿಸುವ ಆ ಉಪಾಯ ನನಗೆ ಹೊಳೆದಿರಲಿಲ್ಲ. ಕ್ಯಾಪ್ಟನ್ ಜೊತೆ ಮಾತನಾಡುತ್ತೇನೆ. ಟೈಬ್ರೇಕ್ ಗೊತ್ತಿತ್ತೇ ಎಂದು ನೇರವಾಗಿಯೇ ಕೇಳುತ್ತೇನೆ. ಗೊತ್ತಿದ್ದೂ ಹೇಳಿದರೆ ಒಂದು ಮಾತು, ಗೊತ್ತಿರಲಿಲ್ಲ ಎಂದರೆ ಇನ್ನೊಂದು ಮಾತು.

ಕಪ್ಪುಕುದುರೆ

ಗೊತ್ತಿದ್ದೂ ಹೇಳಿದ್ದರೆ ಅವರ ಕೈ ಕುಲುಕಿ ಬನ್ನಿ, ನನ್ನ ಪರವಾಗಿ.

ಒಂಟೆಪ್ರಿಯ

ಕಪ್ಪುಕುದುರೆ ಅವರಿಗೆ ನನ್ನ ಸವಾಲು. ಭಾನುವಾರ ಆನ್‌ಲೈನ್‌ನಲ್ಲಿ ಬನ್ನಿ, ಪ್ರತಿ ನಡೆಗೆ 30 ಸೆಕೆಂಡ್, ನನ್ನದು ಆನೆ-ಒಂಟೆ, ನಿಮ್ಮದು ಆನೆ. 50 ನಡೆ ಹಿಡಿದು ತೋರಿಸಿ.

ಕಪ್ಪುಕುದುರೆ

ಬರುತ್ತೇನೆ. ಎರಡನೇ ಸಾಲಿನಲ್ಲಿ ಕೂರುತ್ತೇನೆ, ಏಳುವುದಿಲ್ಲ.

ಹಳೆಯಆರ್ಬಿಟರ್

ನಡೆ ಎಣಿಸಲು ನಾನು ಬರುತ್ತೇನೆ. ಡ್ರಾ ಕೇಳಿದರೆ ಸಮ ಚಿಹ್ನೆ ಹಾಕುವುದನ್ನು ಮರೆಯಬೇಡಿ.